ಹೊಗೆಯಿಂದ ರಬ್ಬರ್ ಆಮ್ಲ: ತವರದ ಆಕ್ಸೈಡಿನ ಬಾಳಿಕೆಯೇ ತೊಡಕು

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ, ಬಂಟ್ವಾಳ ಹಾಗೂ ಮೂಡುಬಿದಿರೆ ಪರಿಸರದ ರಬ್ಬರ್ ಬೆಳೆಗಾರರಿಗೆ ಫಾರ್ಮಿಕ್ ಆಮ್ಲ ಚಿರಪರಿಚಿತ. ಮರದಿಂದ ಇಳಿಸಿದ ರಬ್ಬರ್ ಹಾಲಿಗೆ ನೀರು ಬೆರೆಸಿ, ಬಹಳ ತೆಳುಗೊಳಿಸಿದ ಈ ಆಮ್ಲವನ್ನು ಸೇರಿಸಿ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸುತ್ತಾರೆ. ಬಳಿಕ ಯಂತ್ರದಲ್ಲಿ ಒತ್ತಿ, ಶೀಟುಗಳನ್ನಾಗಿ ಮಾಡಿ, ಹೊಗೆಮನೆಯಲ್ಲಿ ಒಣಗಿಸುತ್ತಾರೆ. ಗಂಧಕಾಮ್ಲ ಅಗ್ಗವಾದರೂ ಅಳತೆ ತಪ್ಪಿದರೆ ಶೀಟಿನ ಗುಣಮಟ್ಟ ಕೆಡುತ್ತದೆ. ಇರುವೆಗಳ ದೇಹದಲ್ಲಿಯೂ ಇರುವ ಫಾರ್ಮಿಕ್ ಆಮ್ಲಕ್ಕೆ ಇರುವೆಯ ಲ್ಯಾಟಿನ್ ಹೆಸರಾದ ‘ಫಾರ್ಮಿಕಾ’ದಿಂದಲೇ ಹೆಸರು ಬಂದಿದೆ.

ಕಾರ್ಖಾನೆಗಳು ಇದನ್ನು ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್ ಮತ್ತು ಮೆಥನಾಲ್‌ನಿಂದ ತಯಾರಿಸುತ್ತವೆ. ಇಂಗಾಲದ ಡೈ ಆಕ್ಸೈಡನ್ನು ನೀರಿನಲ್ಲಿ ಕರಗಿಸಿ ವಿದ್ಯುತ್ ಹಾಯಿಸಿದರೂ ಇದರ ಲವಣವಾದ ಫಾರ್ಮೇಟ್ ದೊರೆಯುತ್ತದೆ. ಯಾವ ಪದಾರ್ಥ ಉಂಟಾಗಬೇಕೆಂಬುದನ್ನು ನಿರ್ಧರಿಸುವುದು ಕ್ಯಾಥೋಡಿನ ಲೋಹ. 1980ರ ದಶಕದಲ್ಲಿ ಜಪಾನಿನ ಯೋಶಿಯೋ ಹೋರಿ ಹಲವು ಲೋಹಗಳನ್ನು ಹೋಲಿಸಿ ನೋಡಿದರು. ಚಿನ್ನ, ಬೆಳ್ಳಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್, ತಾಮ್ರದಲ್ಲಿ ಮೀಥೇನ್ ಮುಂತಾದ ಹೈಡ್ರೋಕಾರ್ಬನ್‌ಗಳು, ತವರದಲ್ಲಿ ಬಹುಪಾಲು ಫಾರ್ಮೇಟ್ ಕಂಡುಬಂದವು. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಅದೇ ತವರ!

ಗಾಳಿಗೆ ತೆರೆದ ತವರದ ಮೇಲೆ ಆಕ್ಸೈಡಿನ ತೆಳುಪೊರೆ ಸದಾ ಇರುತ್ತದೆ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೆನ್ ಮತ್ತು ಕಾನನ್ ಈ ಪೊರೆಯನ್ನು ಆಮ್ಲದಿಂದ ತೊಳೆದು ತೆಗೆದ ತವರವನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಬರೀ ಹೈಡ್ರೋಜನ್ ಹೊರಬಂತು. ಲೋಹದೊಂದಿಗೆ ಆಕ್ಸೈಡೂ ಇರುವಂತೆ ಲೇಪಿಸಿದ ವಿದ್ಯುದ್ವಾರದಲ್ಲಿ ಇಂಗಾಲದ ಉತ್ಪನ್ನಗಳ ಪ್ರಮಾಣ ಏರಿತು. ಹೀಗೆ ಆಕ್ಸೈಡಿನ ಮಹತ್ವ ಸ್ಪಷ್ಟವಾಯಿತು.

ಕಗ್ಗಂಟು ಇರುವುದು ಇಲ್ಲಿಯೇ. ಹೈಡ್ರೋಜನ್ ಮಾಪಕದಲ್ಲಿ ಸುಮಾರು −0.1 ವೋಲ್ಟ್ ದಾಟಿದೊಡನೆ ತವರದ ಆಕ್ಸೈಡು ತನ್ನ ಆಕ್ಸಿಜನ್ ಕಳೆದುಕೊಂಡು ಲೋಹವಾಗಬೇಕು. ಫಾರ್ಮೇಟ್ ಪಡೆಯಲು ಸಾಮಾನ್ಯವಾಗಿ −0.7 ವೋಲ್ಟ್ ಅಥವಾ ಅದಕ್ಕೂ ಕೆಳಗೆ ಇಳಿಯಬೇಕಾಗುತ್ತದೆ. ಅಂದರೆ ಕೆಲಸ ಮಾಡಿಸುವ ವಿದ್ಯುತ್ತೇ ಕೆಲಸಗಾರನನ್ನೂ ತಿನ್ನುತ್ತದೆ. ಅದೃಷ್ಟವಶಾತ್ ಈ ಪರಿವರ್ತನೆ ನಿಧಾನ. ವಿದ್ಯುತ್ ಹರಿಯುತ್ತಿರುವಾಗಲೇ ನಡೆಸಿದ ಅವಕೆಂಪು ಮತ್ತು ರಾಮನ್ ರೋಹಿತ ಪರೀಕ್ಷೆಗಳಲ್ಲಿ ಮೇಲ್ಮೈಯ ಆಕ್ಸೈಡು ಒಂದಿಷ್ಟು ಉಳಿದಿರುವುದು ಕಂಡಿದೆ. ಆದರೆ ಕಾಲ ಕಳೆದಂತೆ ಕಣಗಳು ಕುಗ್ಗಿ, ಬಿರುಕುಬಿಟ್ಟು, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕ್ಯಾಥೋಡಿನ ಬಳಿ ದ್ರಾವಣ ಕ್ಷಾರೀಯವಾಗುವುದರಿಂದ ತವರ ಕರಗುವ ಭೀತಿಯೂ ಉಂಟು. ಫಾರ್ಮೇಟ್ ಇಳಿದು ಹೈಡ್ರೋಜನ್ ಏರತೊಡಗಿದರೆ ವಿದ್ಯುದ್ವಾರ ಸೋಲುತ್ತಿದೆ ಎಂದೇ ಅರ್ಥ.

ಶುದ್ಧ ತವರದ ಆಕ್ಸೈಡು ಉತ್ತಮ ವಾಹಕವಲ್ಲ. ಆಕ್ಸಿಜನ್ನಿನ ಕೆಲವು ಸ್ಥಾನಗಳಲ್ಲಿ ಫ್ಲೋರಿನ್ ಅಥವಾ ತವರದ ಸ್ಥಾನಗಳಲ್ಲಿ ಆಂಟಿಮನಿ ಸೇರಿಸಿದಾಗ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಫ್ಲೋರಿನ್ ಸೇರಿಸಿದ ಆಕ್ಸೈಡನ್ನು ಲೇಪಿಸಿದ ಪಾರದರ್ಶಕ ಗಾಜು ಸೌರಕೋಶಗಳ ಸಂಶೋಧನೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದನ್ನೇ ಕ್ಯಾಥೋಡಾಗಿ ಹೆಚ್ಚು ಋಣ ವೋಲ್ಟೇಜಿನಲ್ಲಿ ಇಟ್ಟರೆ ಗಾಜು ಕಪ್ಪಿಡುತ್ತದೆ, ಪಾರದರ್ಶಕತೆಯೂ ವಾಹಕತೆಯೂ ಕುಂದುತ್ತವೆ. ವಾಹಕತೆ ಬೇರೆ, ಬಾಳಿಕೆ ಬೇರೆ.

ವಿದ್ಯುತ್ ನಿಂತು ಬಂದಾಗಲೆಲ್ಲ ಮೇಲ್ಮೈ ಮತ್ತೆ ಆಕ್ಸೈಡಾಗಿ, ಪುನಃ ಲೋಹವಾಗುತ್ತದೆ. ಮಳೆಗಾಲದ ಕರಾವಳಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಕುತೂಹಲದ ಮಾತೆಂದರೆ, ವಿದ್ಯುತ್ತನ್ನು ಬೇಕೆಂದೇ ಕ್ಷಣಕಾಲ ಹಿಮ್ಮೊಗವಾಗಿಸಿ ಆಕ್ಸೈಡನ್ನು ಮರಳಿಸುವ ಉಪಾಯವನ್ನೂ ಸಂಶೋಧಕರು ಪ್ರಯತ್ನಿಸಿದ್ದಾರೆ. ತಾಮ್ರ, ಬಿಸ್ಮತ್‌ಗಳ ಜೊತೆ ತವರವನ್ನು ಬೆರೆಸುವುದು ಮತ್ತೊಂದು ದಾರಿ.

ಲೆಕ್ಕವೂ ಮುಖ್ಯ. 1 ಕಿಲೋ ಫಾರ್ಮಿಕ್ ಆಮ್ಲಕ್ಕೆ ಸುಮಾರು 0.96 ಕಿಲೋ ಇಂಗಾಲದ ಡೈ ಆಕ್ಸೈಡ್ ಬೇಕು. 3 ವೋಲ್ಟಿನ ಕೋಶದಲ್ಲಿ ಒಂದಿಷ್ಟೂ ನಷ್ಟವಿಲ್ಲದಿದ್ದರೂ 3.5 ಯೂನಿಟ್ ವಿದ್ಯುತ್ ತಗಲುತ್ತದೆ. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ ಬಳಸಿದ್ದಕ್ಕಿಂತ ಹೆಚ್ಚು ಅನಿಲ ಹೊರಬಿದ್ದಂತಾಯಿತು. ಅನಿಲಕ್ಕೇನೂ ಕೊರತೆಯಿಲ್ಲ, ಮೂಡುಬಿದಿರೆಯಿಂದ ಬಹುದೂರವಿಲ್ಲದ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1200 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. ರಾಜ್ಯದಲ್ಲಿ ಈ ಅನಿಲದ ಮರುಬಳಕೆಯ ಯತ್ನಗಳೂ ನಡೆದಿವೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸೆಬಾಸ್ಟಿಯನ್ ಪೀಟರ್ ಅವರ ‘ಬ್ರೀತ್’ ತಂಡ ಅದರಿಂದ ಮೆಥನಾಲ್ ತಯಾರಿಸುವ ಯೋಜನೆಯೊಂದಿಗೆ 2018ರಲ್ಲಿ ಅಂತಾರಾಷ್ಟ್ರೀಯ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತು ತಲುಪಿತ್ತು.

ಫಾರ್ಮಿಕ್ ಆಮ್ಲದ ಮಟ್ಟಿಗೆ ಇನ್ನೊಂದು ಹೆಜ್ಜೆ ಬಾಕಿಯಿದೆ. ವಿದ್ಯುದ್ವಾರ ಬಾಳಿದರೂ ಕೋಶದಿಂದ ಸಾಮಾನ್ಯವಾಗಿ ಹೊರಬರುವುದು ತೆಳುವಾದ ಫಾರ್ಮೇಟ್ ಲವಣದ ದ್ರಾವಣ. ರಬ್ಬರ್ ಹಾಲು ಅದರಿಂದ ಹೆಪ್ಪುಗಟ್ಟದು. ಅದನ್ನು ಆಮ್ಲವಾಗಿಸಿ, ನೀರಿನಿಂದ ಬೇರ್ಪಡಿಸಿದ ಬಳಿಕವಷ್ಟೇ ತೋಟಕ್ಕೆ ಕಳುಹಿಸಲು ಸಾಧ್ಯ.