ಮೈಸೂರಿನ ಕಾಡಂಚಿನ ತಾಲ್ಲೂಕುಗಳು: ದನ, ಆನೆ, ಹೊಗೆಸೊಪ್ಪು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಹೆಚ್.ಡಿ. ಕೋಟೆ ತಾಲ್ಲೂಕುಗಳು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿವೆ. ಬಯಲು ಸೀಮೆ ಮುಗಿದು ಕೊಡಗು, ವಯನಾಡಿನ ಕಾಡು ಶುರುವಾಗುವುದು ಇಲ್ಲಿಯೇ. ಇಂಥ ಅಂಚಿನ ನೆಲವೆಂದರೆ ಅಮೆರಿಕದ ಕಥೆ ನೆನಪಾಗುತ್ತದೆ: ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಪಶ್ಚಿಮಕ್ಕೆ ಚಿನ್ನ ಅಗೆಯುವವರು, ದನಗಾಹಿಗಳು, ಬೇಸಾಯಗಾರರು ಒಬ್ಬರ ಹಿಂದೊಬ್ಬರು ನುಗ್ಗಿ ಮೂಲನಿವಾಸಿಗಳ ನೆಲ ಹಿಡಿದರು. ಮೈಸೂರಿನ ಈ ಅಂಚಿನಲ್ಲಿ ಗಣಿಯ ಪಾತ್ರ ಕಡಿಮೆ, ಏಕೆಂದರೆ ಸಂಸ್ಥಾನದ ಚಿನ್ನ ಕೋಲಾರದಲ್ಲಿತ್ತು. ನೆಲದ ಸ್ವರೂಪ ಬದಲಿಸಿದ್ದು ದನ, ಮರ, ಆನೆ, ಅಣೆಕಟ್ಟು ಮತ್ತು ಹೊಗೆಸೊಪ್ಪು.

ಮೊದಲು ಬಂದದ್ದು ಅರಮನೆಯ ದನ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಹೈದರಾಲಿ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಮತ್ತು ಸಾಮಾನು ಎಳೆಯುವ ಈ ಎತ್ತುಗಳ ವೇಗವೇ ಮೈಸೂರು ಸೈನ್ಯದ ಬಲವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಬ್ರಿಟಿಷರ ಕೈಸೇರಿದವು, ಹುಣಸೂರು ಅವುಗಳ ದೊಡ್ಡ ಠಾಣೆಯಾಯಿತು. ಹಿಂಡಿಗೆ ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳು, ಅಂದರೆ ಮೀಸಲು ಹುಲ್ಲುಗಾವಲುಗಳು, ಇದ್ದವು. ಅಲ್ಲಿ ರೈತರು ನೇಗಿಲು ಹೂಡುವಂತಿರಲಿಲ್ಲ. ಖರ್ಚು ಹೆಚ್ಚೆಂದು 1860ರಲ್ಲಿ ಸರ್ಕಾರ ಹಿಂಡುಗಳನ್ನೇ ಮಾರಿತು. ಆ ಹೆಜ್ಜೆ ತಪ್ಪೆಂದು ಬೇಗ ಗೊತ್ತಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಇಲಾಖೆ ಮೈಸೂರು ಸಂಸ್ಥಾನಕ್ಕೆ ಮರಳಿತು.

ದನದ ಜೊತೆ ಕಸುಬೂ ಬಂತು. ಹುಣಸೂರಿನಲ್ಲಿ ಸೈನ್ಯಕ್ಕಾಗಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೇಯ್ಗೆ, ಮರದ ಡಿಪೋ ಇದ್ದವು. ಅವು 1864ರ ಸುಮಾರಿಗೆ ಮುಚ್ಚಿದರೂ ಕಲಿತ ಕೈಗಳು ಊರಿನಲ್ಲೇ ಉಳಿದವು. ಹುಣಸೂರಿನ ಗಾಡಿಗಳಿಗೆ ಒಳ್ಳೆಯ ಹೆಸರಿತ್ತು. ಕೊಡಗಿನ ಕಾಫಿ ಹದಮಾಡುವ ಕೆಲಸವೂ ಇಲ್ಲಿ ನಡೆಯಿತು.

ಹೆಚ್.ಡಿ. ಕೋಟೆಯ ಕಾಕನಕೋಟೆಯ ಕಾಡಿನಲ್ಲಿ ಕಬಿನಿ ದಂಡೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ಆನೆಯ ಹಿಂಡನ್ನು ತಮಟೆ, ಬೆಂಕಿಗಳಿಂದ ಅಟ್ಟಿ ಹೊಳೆ ದಾಟಿಸಿ ಆವರಣದೊಳಗೆ ಕೂಡುತ್ತಿದ್ದರು. ಅರಮನೆಯ ಅತಿಥಿಗಳು ಅಟ್ಟಣೆಯಿಂದ ನೋಡುವ ಆ ಕೆಲಸಕ್ಕೆ ಕಾಡಿನ ಜಾಡು ತಿಳಿದ ಕುರುಬರ ನೆರವು ಬೇಕೇ ಬೇಕಿತ್ತು. ಇಂದಿಗೂ ದಸರಾ ಆನೆಗಳ ಮಾವುತರು, ಕಾವಾಡಿಗಳಲ್ಲಿ ಜೇನುಕುರುಬರು ಹಲವರಿದ್ದಾರೆ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದಾಗ ಖೆಡ್ಡಾ ನಡೆಯುತ್ತಿದ್ದ ಬಯಲಿನ ಜೊತೆ ಹಲವು ಹಳ್ಳಿಗಳೂ ಮುಳುಗಿದವು.

ಕೆ.ಆರ್. ನಗರದ ದಾರಿ ಬೇರೆ. ಕಾವೇರಿಯ ಹಳೆಯ ನಾಲೆಗಳು ಅದನ್ನು ಮೊದಲೇ ಭತ್ತದ ಸೀಮೆ ಮಾಡಿದ್ದವು.

ಪಿರಿಯಾಪಟ್ಟಣದಲ್ಲಿ ಕಾಡು ಕಡಿದು ಹೊಲ ಮಾಡಿದ ದೊಡ್ಡ ಪ್ರಸಂಗ ತೀರ ಈಚಿನದು. ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ಮೈಸೂರು ಸರ್ಕಾರ 1960-61ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ತಣ್ಣನೆಯ ಎತ್ತರದ ನಾಡಿನಿಂದ ಬಂದವರು ಆನೆ ಓಡಾಡುವ ಕಾಡನ್ನು ಕೈಯಾರೆ ಸವರಿ ಮುಸುಕಿನ ಜೋಳ ಬೆಳೆದರು.

ಹೊಗೆಸೊಪ್ಪಿನಷ್ಟು ದುಡ್ಡು ಮತ್ತು ಅಷ್ಟೇ ಆತಂಕ ತಂದ ಬೆಳೆ ಇಲ್ಲಿ ಬೇರೊಂದಿಲ್ಲ. ಮುಂಗಾರಿನ ಮಳೆ ನಂಬಿ ನೆಡುವ ವರ್ಜೀನಿಯಾ ತಳಿಯ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಒಣಗಿಸುವ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯ ಬಿಸಿ ಕೊಳವೆಗಳಲ್ಲಿ ಹರಿದು ಎಲೆ ಮೊದಲು ಹಳದಿಯಾಗುತ್ತದೆ, ಬಳಿಕ ದಂಟಿನವರೆಗೂ ಒಣಗುತ್ತದೆ. ಹಲವು ದಿನ, ರಾತ್ರಿಯೂ ನಿದ್ದೆಗೆಟ್ಟು ಬೆಂಕಿ ಕಾಯಬೇಕು, ಕಾವು ತುಸು ಏರುಪೇರಾದರೂ ಗ್ರೇಡ್ ಇಳಿಯುತ್ತದೆ. ಒಂದು ಕಿಲೋ ಸೊಪ್ಪು ಬೇಯಿಸಲು ನಾಲ್ಕೈದು ಕಿಲೋ ಸೌದೆ ಬೇಕು, ಆ ಸೌದೆಯ ಭಾರ ಸುತ್ತಲಿನ ಮರಗಳ ಮೇಲೆ ಬಿತ್ತು. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿ ಲೈಸೆನ್ಸ್ ಕೊಟ್ಟು, ಎಷ್ಟು ಬೆಳೆಯಬೇಕೆಂದು ಪ್ರತಿ ಹಂಗಾಮಿಗೂ ಗೊತ್ತುಮಾಡುತ್ತದೆ. ಮಾರಾಟ ಹರಾಜು ಮಾರುಕಟ್ಟೆಯಲ್ಲಿ.

ಈ ಎಲ್ಲ ಬದಲಾವಣೆಗಳಲ್ಲಿ ಹೆಚ್ಚು ಕಳೆದುಕೊಂಡವರು ಕಾಡಿನೊಳಗಿನ ಜೇನುಕುರುಬರು, ಬೆಟ್ಟಕುರುಬರು, ಯರವರು. ಆದರೂ ಈ ಸೀಮೆಯ ಅಭಿವೃದ್ಧಿಯ ಲೆಕ್ಕ ಹೇಳುವಾಗ ಅವರ ಹಾಡಿಗಳು, ಅಂದರೆ ಕಾಡಿನ ಪುಟ್ಟ ಊರುಗಳು, ಬಿಟ್ಟುಹೋಗುವುದೇ ಹೆಚ್ಚು. ಇಲ್ಲಿನ ಕಾಡು ನಾಗರಹೊಳೆ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಮೇಲೆ ಅನೇಕ ಹಾಡಿಗಳು ಖಾಲಿಯಾದವು. ಹೈಕೋರ್ಟ್ ಆದೇಶದಂತೆ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ಕೊಟ್ಟ ವರದಿಯ ಪ್ರಕಾರ, ಪುನರ್ವಸತಿ ಸಿಗಬೇಕಾದ ಆದಿವಾಸಿ ಕುಟುಂಬಗಳು 3,418.