ಬೇಲಿಯ ಗಿಡಗಳು

ಮನೆಯ ಮುಂದಿನ ನಾಲ್ಕು ಗಜ ನೆಲದಲ್ಲಿ ಈ ಸೀಮೆಯ ಹೂಗಿಡವೊಂದನ್ನು ನೆಡಬೇಕೆಂದು ತಾವು ಎಂದಾದರೂ ಹೊರಟಿದ್ದರೆ, ಶಿವಮೊಗ್ಗೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ ಅದೆಷ್ಟು ತಿರುಗಾಟದ ಕೆಲಸವೆಂಬುದು ತಮಗೆ ತಿಳಿದಿರುತ್ತದೆ. ಮೂರು ವರ್ಷದ ಹಿಂದೆ ನಾನೊಂದು ನರ್ಸರಿಯಲ್ಲಿ ಕೇಪಳ ಬೇಕೆಂದು ಕೇಳಿದೆ. ಅವರು ಕೊಟ್ಟರು, ನಾನು ತಂದು ನೆಟ್ಟೆ. ಗಿಡ ಗೊಂಚಲು ಗೊಂಚಲಾಗಿ ಹೂ ಬಿಟ್ಟಿತು, ಆದರೆ ಒಂದೇ ಒಂದು ಹಣ್ಣಾಗಲಿಲ್ಲ. ಅದು ಚೀಣಾದೇಶದ ಕೇಪಳವೆಂಬುದು ಆಮೇಲೆ ತಿಳಿಯಿತು. ನಮ್ಮ ಕೇಪಳದ ಎಸಳಿನ ತುದಿ ಚೂಪು; ಅದರದ್ದು ಮೊಂಡು, ದುಂಡು. ಇಷ್ಟನ್ನು ಮೊದಲೇ ನೋಡದೆ ಹೋದದ್ದು ನನ್ನ ತಪ್ಪೂ ಹೌದು.

ಈ ಗಿಡಗಳಿಗೆ ನಮ್ಮಲ್ಲಿ ಅಂಗಡಿ ಇಲ್ಲದಿರಲು ಒಂದು ಚರಿತ್ರೆಯೇ ಇದೆ. ತೋಟದ ವಿದ್ಯೆ ಕನ್ನಡಕ್ಕೆ ಹೊಸದಲ್ಲ. 1025ರಲ್ಲಿ ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯ ಮೀಸಲು. ನಮ್ಮ ಕೆಳದಿಯ ಬಸವಭೂಪಾಲನು 1709ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ವೂ ಆ ಶಾಸ್ತ್ರವನ್ನು ಬಿಟ್ಟಿಲ್ಲ. ಆದರೆ ಬೇಲಿಯ ಗಿಡಕ್ಕೆ ಶಾಸ್ತ್ರವೂ ಬೇಕಿರಲಿಲ್ಲ, ಹಣವೂ ಬೇಕಿರಲಿಲ್ಲ. ಆರಿದ್ರೆ ಮಳೆ ಹಿಡಿದಾಗ ನೆರೆಮನೆಯವರನ್ನು ಕೇಳಿ ಒಂದು ಕಡ್ಡಿ ಮುರಿದು ತಂದು ಚುಚ್ಚಿದರೆ ಆಗುತ್ತಿತ್ತು. ದುಡ್ಡಿಲ್ಲದೆ ದೊರೆಯುವುದನ್ನು ಮಾರಲು ಯಾರು ಕೂರುತ್ತಾರೆ?

ಮಾರಾಟಕ್ಕೆ ಬಂದದ್ದು ದೂರದಿಂದ ಬಂದದ್ದು. 1760ರಲ್ಲಿ ಹೈದರಾಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿಗೆ ಟಿಪ್ಪುವಿನ ಕಾಲದಲ್ಲಿಯೇ ಹೊರದೇಶದ ಗಿಡಗಳು ಬಂದವು. 1874ರಲ್ಲಿ ಅದರ ಆಡಳಿತ ವಹಿಸಿಕೊಂಡ ಕ್ಯಾಮೆರಾನ್, 1908ರಲ್ಲಿ ಅವರ ಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್, ಇಬ್ಬರೂ ಸಮರ್ಥರು. ಅವರು ತರಿಸಿದ ಗಿಡಮರಗಳಿಂದ ನಮ್ಮ ಊರುಗಳು ಚೆಂದವಾದವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿಂದ ಹಬ್ಬಿದ ಅಭಿರುಚಿಯಲ್ಲಿ ತೋಟದ ಗಿಡವೆಂದರೆ ಕ್ರೋಟನ್, ಬೋಗನ್‌ವಿಲ್ಲ ಎಂದಾಯಿತು. ಲಕ್ಕಿ, ಆಡುಸೋಗೆಗಳು ಕಾಡು ಗಿಡಗಳಾದವು. ಬೇಲಿಗೆ ಅಂದವೆಂದು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಗೆ ಬಂದಿಳಿದ ಅಮೆರಿಕದ ಲಂಟಾನ ಇಂದು ನಮ್ಮ ಕಾಡಂಚನ್ನೆಲ್ಲ ಮುಚ್ಚಿದೆ. ಅತಿಥಿಯಾಗಿ ಬಂದದ್ದು ಯಜಮಾನನಾಗಿ ಕುಳಿತಿತು.

ಭದ್ರಾವತಿಯ ಕಥೆ ಇನ್ನೂ ಬೇರೆ. ಬೆಂಕಿಪುರವೆಂಬ ಹೆಸರಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದಾಗ ಅದಕ್ಕೆ ಬೇಕಾದದ್ದು ಮರದ ಇದ್ದಿಲು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೆ ಬೇಕಾದದ್ದು ಬಿದಿರು; ಆಮೇಲೆ ಅದಕ್ಕಾಗಿ ನೀಲಗಿರಿ, ಅಕೇಶಿಯಗಳ ನೆಡುತೋಪುಗಳು ಎದ್ದವು. ಎಷ್ಟೋ ಸಂಸಾರಗಳಿಗೆ ಅನ್ನ ಕೊಟ್ಟ ಕಾರ್ಖಾನೆಗಳವು. ದೂರಲು ನನಗೆ ಮನಸ್ಸಿಲ್ಲ. ಆದರೆ ಮರ ಹೋದದ್ದನ್ನು ಎಲ್ಲರೂ ಕಂಡರು, ಮರದಡಿಯ ಪೊದೆ ಹೋದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕಾಗದದ ಯಂತ್ರಗಳು 2015ರಲ್ಲಿ ನಿಂತವು. ಅಕೇಶಿಯ ಉಳಿದಿದೆ.

ನನ್ನಂಥ ಪಂಡಿತರಿಗೆ ಇದರಲ್ಲಿ ಇನ್ನೊಂದು ಸಂಕಟ. ಕುರವಕವೆಂದರೆ ಗೋರಂಟೆ, ಸಿಂಧುವಾರವೆಂದರೆ ಲಕ್ಕಿ, ಕುಟಜವೆಂದರೆ ಕೊಡಸಿಗೆ ಎಂದು ಹುಡುಗರು ತಪ್ಪಿಲ್ಲದೆ ಬರೆಯುತ್ತಾರೆ. ಕಾಳಿದಾಸನ ಯಕ್ಷನು ಮೇಘಕ್ಕೆ ಅರ್ಘ್ಯವಿತ್ತದ್ದು ಆ ಕುಟಜದ ಹೂವಿನಿಂದಲೇ. ನಮ್ಮ ಮಲೆನಾಡಿನ ಹೆಂಗಸರು ಅದನ್ನೇ ಒಣಗಿಸಿಟ್ಟು ತಂಬುಳಿ ಮಾಡುತ್ತಾರೆ. ಒಮ್ಮೆ ತರಗತಿಗೆ ಲಕ್ಕಿಯ ಕೊಂಬೆ ಒಯ್ದು ತೋರಿಸಿದೆ. ನಲವತ್ತು ಮಂದಿಯಲ್ಲಿ ಅದರ ಹೆಸರು ಹೇಳಿದವನು ಒಬ್ಬನೇ, ಅವನೂ ಬಾಣಂತಿಯ ನೀರಿಗೆ ಹಾಕುವ ಸೊಪ್ಪೆಂದು ಗುರುತಿಸಿದ್ದು. ಗಿಡ ಕಣ್ಮರೆಯಾದಾಗ ಪದ ನಿಘಂಟಿನಲ್ಲಿ ಉಳಿಯುತ್ತದೆ, ಬಾಯಲ್ಲಿ ಉಳಿಯುವುದಿಲ್ಲ.

ಹಾಗಾದರೆ ಎಲ್ಲಿ ಹುಡುಕುವುದು? ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮಳೆಗಾಲದ ಮೊದಲು ಸಸಿಗಳನ್ನು ಚೀಲದ ಅಳತೆಗೆ ತಕ್ಕ ಅಲ್ಪ ಬೆಲೆಗೆ ಕೊಡುತ್ತಾರೆ. ಅಲ್ಲಿ ಮರಗಳೇ ಹೆಚ್ಚು. ಆದರೂ ಪೊದೆಗಿಡ ಬೇಕೆಂದು ಬಾಯಿಬಿಟ್ಟು ಕೇಳಿ. ಕೇಳುವವರು ಇದ್ದಾರೆಂದು ತಿಳಿದರೆ ಮುಂದಿನ ವರ್ಷ ಬೀಜ ಹಾಕಿಯಾರು. ತೋಟಗಾರಿಕೆ ಇಲಾಖೆಯವರನ್ನೂ, ನವಿಲೆಯ ಕೃಷಿ ಕಾಲೇಜಿನವರನ್ನೂ ವಿಚಾರಿಸಬಹುದು. ರಸ್ತೆಬದಿಯ ನರ್ಸರಿಗಳಲ್ಲಿ ನಂದಿಬಟ್ಟಲು, ಮಲ್ಲಿಗೆ, ಜಾಜಿಗಳಿಗೆ ಕೊರತೆಯಿಲ್ಲ. ಸ್ಫಟಿಕ, ಗೋರಂಟೆ ಅಪರೂಪ. ಆಡುಸೋಗೆಗೂ ಲಕ್ಕಿಗೂ ದುಡ್ಡು ಕೊಡಬೇಡಿ. ಬಲಿತ ಕಡ್ಡಿ ಮಳೆಯಲ್ಲಿ ತಾನೇ ಚಿಗುರುತ್ತದೆ. ಆಡು ಮುಟ್ಟದ ಸೊಪ್ಪಿಲ್ಲವೆನ್ನುತ್ತಾರೆ, ಆಡುಸೋಗೆಯನ್ನು ಅದೂ ಮುಟ್ಟುವುದಿಲ್ಲವಾದ್ದರಿಂದ ಬೇಲಿಗೆ ಅದಕ್ಕಿಂತ ನಂಬಿಕೆಯ ಗಿಡ ಬೇರೆಯಿಲ್ಲ. ಕಾಡಿನಿಂದ ಮಾತ್ರ ಕಿತ್ತು ತರಬೇಡಿ. ಅದು ಕಾನೂನಿಗೂ ವಿರುದ್ಧ, ಹಾಗೆ ಕಿತ್ತ ಗಿಡ ಬಹುಪಾಲು ಬದುಕುವುದೂ ಇಲ್ಲ.

ನನಗೆ ಕಡೆಗೆ ನಿಜವಾದ ಕೇಪಳ ಸಿಕ್ಕಿದ್ದು ಭದ್ರಾವತಿಯ ಹಳೇನಗರದ ಒಂದು ಮನೆಯ ಬೇಲಿಯಲ್ಲಿ. ಎಂಬತ್ತು ದಾಟಿದ ಆ ತಾಯಿ ನಾನು ನಿಂತು ನೋಡುವುದನ್ನು ಕಂಡು, "ಏನು ಬೇಕಾಗಿತ್ತು?" ಎಂದರು. ಹೇಳಿದೆ. ನಕ್ಕುಬಿಟ್ಟರು. "ಇದನ್ನ ಕೇಳ್ಕೊಂಡು ಶಿವಮೊಗ್ಗದಿಂದ ಬಂದ್ರಾ ಮೇಷ್ಟ್ರೇ? ತಗೊಂಡು ಹೋಗಿ, ಎಷ್ಟು ಬೇಕಾದರೂ ತಗೊಳ್ಳಿ. ದೀಪಾವಳಿ ಆದಮೇಲೆ ಮಗ ಕಾಂಪೌಂಡು ಕಟ್ಟಿಸ್ತಾನಂತೆ."

ಹನ್ನೆರಡು ಕಡ್ಡಿ ತಂದೆ, ನಾಲ್ಕು ಬೇರುಬಿಟ್ಟಿವೆ. ಆ ಬೇಲಿಯಲ್ಲಿ ಒಂದು ಹಳೆಯ ಕವಳಿಯೂ ಇದೆ. ಅದರ ಹಣ್ಣು ಆಗಲೇ ಮುಗಿದಿತ್ತು. ಬುಡದಲ್ಲಿ ಎದ್ದಿರುವ ಮೂರು ಮರಿಗಿಡಗಳನ್ನು ಮಣ್ಣಿನ ಹೆಂಟೆಸಹಿತ ತೆಗೆಯಲು ಬರುವ ಭಾನುವಾರ ಹಾರೆ ಹಿಡಿದು ಮತ್ತೆ ಹೋಗುತ್ತಿದ್ದೇನೆ.