ಹೊಸ ಎಲೆಕ್ಟ್ರಿಕ್ ಕಾರು ಮನೆಗೆ ಬಂದ ಮೊದಲ ತಿಂಗಳು: ಪ್ಲಗ್ಗು, ಕರೆಂಟ್ ಬಿಲ್ಲು, ಮೊಬೈಲ್ ಆಪ್

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಹಸಿರು ನಂಬರ್ ಪ್ಲೇಟಿನ ಕಾರು ಈಗ ಜನ ತಿರುಗಿ ನೋಡುವಂಥ ವಸ್ತುವಾಗಿ ಉಳಿದಿಲ್ಲ. ಕಾರು ಓಡಿಸೋದರಲ್ಲಿ ತೊಂದರೆಯೂ ಇಲ್ಲ. ಕ್ಲಚ್ ಇಲ್ಲ, ಗೇರ್ ಬದಲಿಸುವ ಕೆಲಸ ಇಲ್ಲ, ಎರಡೇ ದಿನದಲ್ಲಿ ಕೈಕಾಲು ಒಗ್ಗಿಬಿಡುತ್ತದೆ. ತಲೆನೋವು ಶುರುವಾಗೋದು ಮನೆ ಗೋಡೆಯ ಪ್ಲಗ್ಗಿನಲ್ಲಿ, ತಿಂಗಳ ಕೊನೆಯ ಬಿಲ್ಲಿನಲ್ಲಿ ಮತ್ತು ಮೊಬೈಲಿನ ಆಪ್‌ನಲ್ಲಿ. ಈ ಮೂರನ್ನೂ ಕಾರು ಬರೋಕೆ ಮುಂಚೆಯೇ ನೋಡಿಕೊಂಡವರಿಗೆ ಮೊದಲ ತಿಂಗಳು ಸಲೀಸಾಗಿ ಕಳೆಯುತ್ತದೆ.

ಲೆಕ್ಕಕ್ಕೆ ಒಂದು ಕಾರು ಬೇಕಲ್ಲ, ಟಾಟಾ ಟಿಯಾಗೊ ಇವಿ ಇಟ್ಟುಕೊಳ್ಳೋಣ. 2022ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಈ ಕಾರಿಗೆ 19.2 ಮತ್ತು 24 ಯೂನಿಟ್‌ನ ಎರಡು ಬ್ಯಾಟರಿ ಆಯ್ಕೆಗಳಿವೆ. ಯೂನಿಟ್ ಅಂದರೆ ನಮ್ಮ ಮೀಟರ್‌ನಲ್ಲಿ ಓಡುವ ಅದೇ ಯೂನಿಟ್. ದೊಡ್ಡ ಬ್ಯಾಟರಿಗೆ ಬಿಡುಗಡೆಯ ಹೊತ್ತಿನಲ್ಲಿ ಹೇಳಿದ ರೇಂಜ್ 315 ಕಿ.ಮೀ. ಅದು ಪರೀಕ್ಷೆಯ ಲೆಕ್ಕ. ಮಾಮೂಲಿ ರಸ್ತೆಯಲ್ಲಿ ಎಸಿ ಹಾಕಿಕೊಂಡು ಓಡಿಸಿದರೆ 200 ಕಿ.ಮೀ. ಆಸುಪಾಸು ಅಂತ ಹಿಡಿಯೋದು ಕ್ಷೇಮ. ಅಂದರೆ ಯೂನಿಟ್‌ಗೆ 8 ಕಿ.ಮೀ. ಬೇರೆ ಕಾರು ತಗೊಂಡವರೂ ತಮ್ಮ ಬ್ಯಾಟರಿ ಎಷ್ಟು ಯೂನಿಟ್ಟು, ಯೂನಿಟ್‌ಗೆ ಎಷ್ಟು ಕಿ.ಮೀ. ಅನ್ನೋ ಎರಡು ಅಂಕಿ ಗೊತ್ತುಮಾಡಿಕೊಂಡರೆ ಸಾಕು, ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಮೊದಲು ಅರ್ಥಿಂಗ್

ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್‌ಗೆ 15 ಆಂಪಿಯರ್‌ನ ದೊಡ್ಡ ಪ್ಲಗ್ ಬೇಕು. 24 ಯೂನಿಟ್‌ನ ಬ್ಯಾಟರಿ ಇದರಲ್ಲಿ ತುಂಬೋಕೆ ಹೆಚ್ಚುಕಡಿಮೆ 9 ಗಂಟೆ. ಗೀಸರ್ ಬೆಳಗ್ಗೆ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಆದರೆ ಇದು ರಾತ್ರಿಯಿಡೀ ಎರಡೂವರೆ ಮೂರು ಕಿಲೋವ್ಯಾಟ್ ಎಳೆಯುತ್ತಲೇ ಇರುತ್ತದೆ. ಹಳೇ ಮನೆಯ ಸಣ್ಣ ವೈರು, ಸಡಿಲವಾದ ಸಾಕೆಟ್ಟು ಇದನ್ನು ತಡೆಯಲ್ಲ. ಪ್ಲಗ್ ಮುಟ್ಟಿದರೆ ಬಿಸಿ ಹತ್ತುತ್ತಿದ್ದರೆ ಅವತ್ತೇ ಚಾರ್ಜಿಂಗ್ ನಿಲ್ಲಿಸಬೇಕು. ಮೀಟರ್ ಬೋರ್ಡಿನಿಂದ ಕಾರು ನಿಲ್ಲೋ ಜಾಗಕ್ಕೆ ಪ್ರತ್ಯೇಕ ವೈರು, ಅದಕ್ಕೊಂದು ಎಂಸಿಬಿ, ಕರೆಂಟ್ ಸೋರಿದರೆ ಟ್ರಿಪ್ ಆಗುವ ಆರ್‌ಸಿಸಿಬಿ ಹಾಕಿಸುವುದು ಸರಿಯಾದ ದಾರಿ. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಕಿಟಕಿಯಿಂದ ಹೊರಗೆ ಬಿಡುವುದಂತೂ ಬೇಡವೇ ಬೇಡ.

ಹೊಸ ಮಾಲೀಕರು ಅತಿ ಹೆಚ್ಚು ಗಾಬರಿಯಾಗೋದು ಚಾರ್ಜರ್ ಮೇಲೆ ಕೆಂಪು ದೀಪ ಬಂದು ಚಾರ್ಜಿಂಗ್ ಶುರುವೇ ಆಗದಿದ್ದಾಗ. ‘ಕಾರು ಕೆಟ್ಟಿದೆ’ ಅಂತ ಶೋರೂಂಗೆ ಫೋನ್ ಹೋಗುತ್ತದೆ. ಬಹಳ ಸಲ ಕೆಟ್ಟಿರುವುದು ಮನೆಯ ಅರ್ಥಿಂಗ್. ಫ್ರಿಜ್ಜು, ಮಿಕ್ಸಿ ಅರ್ಥಿಂಗ್ ಇಲ್ಲದೆಯೂ ಓಡಿಬಿಡುತ್ತವೆ, ಹಾಗಾಗಿ ಹತ್ತಿಪ್ಪತ್ತು ವರ್ಷ ಯಾರಿಗೂ ಗೊತ್ತಾಗಿರುವುದಿಲ್ಲ. ಇವಿ ಚಾರ್ಜರ್ ಅದನ್ನು ಮೊದಲೇ ಪರೀಕ್ಷೆ ಮಾಡಿ, ಸರಿಯಿಲ್ಲದಿದ್ದರೆ ಕರೆಂಟ್ ಬಿಡುವುದಿಲ್ಲ. ಕಾರು ಬರೋ ವಾರ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ನೋಡಿಸಿ. ಅರ್ಥ್ ಗುಂಡಿ ಒಣಗಿದ್ದರೆ ನೀರು, ಉಪ್ಪು, ಇದ್ದಿಲು ಹಾಕಿಸಿ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್ ಹೊತ್ತಿಗೆ ಕೈಕೊಡುವುದೂ ಉಂಟು.

ಇನ್ವರ್ಟರ್ ಲೈನಿಗೆ ಈ ಪ್ಲಗ್ ಸೇರಿಸಬಾರದು. ಮನೆಯ ಸಣ್ಣ ಇನ್ವರ್ಟರ್ ಈ ಲೋಡ್ ಹೊರಲ್ಲ. ಕರೆಂಟ್ ಹೋಗಿ ಬಂದರೆ ಸಾಮಾನ್ಯವಾಗಿ ಚಾರ್ಜಿಂಗ್ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಆದರೆ ಮಲೆನಾಡಿನ ಜೂನ್–ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನವೂ ಆಗಬಹುದು. ಹಾಗಾಗಿ ಮಳೆಗಾಲದಲ್ಲಿ ‘ನಾಳೆ ರಾತ್ರಿ ಹಾಕಿದರಾಯ್ತು’ ಅನ್ನೋದು ನಡೆಯಲ್ಲ. ಗುಡುಗು ಸಿಡಿಲಿನ ಹೊತ್ತಲ್ಲಿ ಪ್ಲಗ್ ತೆಗೆದಿಡುವುದು ಟಿವಿಗೆ ಹೇಗೋ ಇದಕ್ಕೂ ಹಾಗೇ.

ಗೃಹಜ್ಯೋತಿ ಲೆಕ್ಕ

ಇದನ್ನು ಶೋರೂಂನಲ್ಲಿ ಯಾರೂ ಹೇಳಲ್ಲ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ತಿಳಿದವರೇ ಹೆಚ್ಚು. ನಿಜವಾದ ನಿಯಮ ಬೇರೆ: 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇ. 10 ಸೇರಿಸಿದಷ್ಟು ಮಾತ್ರ ಉಚಿತ. ತೀರಾ ಕಡಿಮೆ ಬಳಸುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ. ಅದನ್ನು ದಾಟಿದರೆ ದಾಟಿದ ಯೂನಿಟ್‌ಗೆ ಹಣ. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು.

ಒಂದು ಮನೆಗೆ 90 ಯೂನಿಟ್ ಉಚಿತ ಅರ್ಹತೆ ಇದೆ, ಬಳಕೆ 85 ಅಂತ ಇಟ್ಟುಕೊಳ್ಳಿ. ಬಿಲ್ ಸೊನ್ನೆ ಬರುತ್ತಿತ್ತು. ಕಾರು ತಿಂಗಳಿಗೆ 700 ಕಿ.ಮೀ. ಓಡಿದರೆ ಬ್ಯಾಟರಿಗೆ 88 ಯೂನಿಟ್ ಬೇಕು, ಚಾರ್ಜ್ ಆಗುವಾಗ ಶಾಖವಾಗಿ ಹೋಗುವುದು ಸೇರಿ ಮೀಟರಿನಲ್ಲಿ 100. ಒಟ್ಟು 185. ಉಚಿತ ಉಳಿಯುತ್ತದೆ, 95 ಯೂನಿಟ್‌ಗೆ ಮಾತ್ರ ದುಡ್ಡು. ಅದೇ ಕಾರು 1000 ಕಿ.ಮೀ. ಓಡಿದರೆ ಮೀಟರಿನಲ್ಲಿ 140 ಆಗಿ ಒಟ್ಟು 225. ಈಗ 225ಕ್ಕೂ ಕಟ್ಟಬೇಕು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಗೃಹಬಳಕೆ ದರ ಯೂನಿಟ್‌ಗೆ 5 ರೂ. 80 ಪೈಸೆ ಹಿಡಿದರೆ 1,305 ರೂ., ಮೇಲೆ ಫಿಕ್ಸೆಡ್ ಚಾರ್ಜು, ತೆರಿಗೆ.

ಸೊನ್ನೆ ಬಿಲ್ ಹೋಗಿ ಸಾವಿರದ ಮೇಲೆ ಬಂದಾಗ ಮನೆಯಲ್ಲಿ ಮಾತು ಬರುವುದು ಸಹಜ. ಆದರೆ ಅದೇ 1000 ಕಿ.ಮೀ.ಗೆ ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರಿಗೆ 62 ಲೀಟರ್ ಬೇಕು. ಲೀಟರಿಗೆ 100 ರೂ. ಅಂತ ಹಿಡಿದರೂ 6,200. ಉಚಿತ ಹೋದರೂ ಕೈಗೆ ಉಳಿಯುತ್ತದೆ. ಬಿಲ್ ಬಂದಾಗ ಗೊತ್ತಾಗುವುದಕ್ಕಿಂತ ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು ಅಷ್ಟೇ. 200ರ ಗಡಿ ಹತ್ತಿರ ಇರುವವರು ರೀಡಿಂಗ್ ದಿನಕ್ಕೆ ಐದಾರು ದಿನ ಮುಂಚೆ ಒಂದು ಸಲ ಮೀಟರ್ ನೋಡಿಕೊಂಡರೆ, ದೂರದ ಪ್ರಯಾಣದ ಚಾರ್ಜನ್ನು ಹೊರಗೆ ಮಾಡಿಸಿಕೊಳ್ಳುವ ಅವಕಾಶವಾದರೂ ಇರುತ್ತದೆ.

ಬಿಲ್ಲಿನಲ್ಲೇ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನಮೂದಾಗಿರುತ್ತದೆ. ಹಳೇ ಮನೆಗಳಲ್ಲಿ 1 ಅಥವಾ 2 ಇರಬಹುದು. ಕಾರಿನ ಚಾರ್ಜರ್ ಒಂದೇ ಅದನ್ನು ದಾಟುತ್ತದೆ. ಮೆಸ್ಕಾಂ ಉಪವಿಭಾಗದಲ್ಲಿ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು. ಫಿಕ್ಸೆಡ್ ಚಾರ್ಜು ಕಿಲೋವ್ಯಾಟ್ ಲೆಕ್ಕದಲ್ಲಿರುವುದರಿಂದ ಅದೂ ಏರುತ್ತದೆ. ಅಂಗಡಿಯ ಹಿಂದೆ ಕಾರು ನಿಲ್ಲಿಸಿ ಅಂಗಡಿ ಮೀಟರಿನಿಂದ ಚಾರ್ಜ್ ಮಾಡುವವರು, ಅದು ವಾಣಿಜ್ಯ ದರ ಅನ್ನೋದನ್ನು ಲೆಕ್ಕಕ್ಕೆ ತಗೊಳ್ಳಬೇಕು.

ಆಪ್: ಯಾರ ನಂಬರು?

ಕಾರಿನೊಳಗೆ ಒಂದು ಸಿಮ್ ಇರುತ್ತದೆ. ಅದು ಕಂಪನಿಯ ಸರ್ವರ್ ಜೊತೆ ಮಾತಾಡುತ್ತದೆ, ಸರ್ವರ್ ನಿಮ್ಮ ಫೋನಿನ ಜೊತೆ. ಬ್ಯಾಟರಿ ಎಷ್ಟಿದೆ, ಚಾರ್ಜ್ ಆಗ್ತಿದೆಯಾ, ಕಾರು ಎಲ್ಲಿದೆ, ಲಾಕ್ ಆಗಿದೆಯಾ ಅನ್ನೋದು ಫೋನಿನಲ್ಲೇ ಕಾಣುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಎಸಿಯನ್ನು ಅಂಗಡಿಯೊಳಗೆ ಕೂತೇ ಹಾಕಬಹುದು. ಮಾಡೆಲ್ ಪ್ರಕಾರ ಸೌಲಭ್ಯ ಹೆಚ್ಚುಕಡಿಮೆ ಇರುತ್ತದೆ. ಕಡಿಮೆ ದರದ ಮಾಡೆಲ್‌ನಲ್ಲಿ ಆಪ್ ಇಲ್ಲದೆಯೂ ಇರಬಹುದು, ಬುಕ್ ಮಾಡುವಾಗಲೇ ಕೇಳಿ.

ಎಡವಟ್ಟಾಗುವುದು ಮೊಬೈಲ್ ನಂಬರಿನಲ್ಲಿ. ಕಾರು ಅಪ್ಪನ ಹೆಸರಿಗೆ, ಬುಕಿಂಗ್ ಮಗನ ನಂಬರಿನಲ್ಲಿ, ಸಾಲದ ಕಾಗದದಲ್ಲಿ ಇನ್ನೊಂದು ನಂಬರು. ಆಪ್‌ನ ಓಟಿಪಿ ಶೋರೂಂನವರು ದಾಖಲಿಸಿದ ನಂಬರಿಗೆ ಮಾತ್ರ ಹೋಗುತ್ತದೆ. ಮಗ ಬೆಂಗಳೂರಿನಲ್ಲಿದ್ದರೆ ಕಾರಿನ ಕಂಟ್ರೋಲ್ ಬೆಂಗಳೂರಿನಲ್ಲಿ! ನಂಬರ್ ಬದಲಿಸೋಕೆ ಮತ್ತೆ ಗುರುತಿನ ಚೀಟಿ, ಅರ್ಜಿ, ಓಡಾಟ. ದೊಡ್ಡ ಕೀ ಕಟೌಟ್ ಹಿಡಿದು ಫೋಟೋ ತೆಗೆಸಿಕೊಳ್ಳುವ ಮುಂಚೆ ಅಲ್ಲೇ ನಿಂತು ಆಪ್ ತೆರೆದು, ಕಾರು ಜೋಡಿಸಿ, ಒಂದು ಸಲ ಲಾಕ್–ಅನ್‌ಲಾಕ್ ಮಾಡಿ ನೋಡಿಕೊಳ್ಳಿ. ಎಷ್ಟು ವರ್ಷ ಉಚಿತ, ಆಮೇಲೆ ಚಂದಾ ಎಷ್ಟು ಅನ್ನೋದನ್ನೂ ಅಲ್ಲೇ ಬರೆಸಿಕೊಳ್ಳಬಹುದು.

ನೆಟ್‌ವರ್ಕ್ ಇಲ್ಲದ ಕಡೆ ಆಪ್ ಕುರುಡು. ಘಾಟಿ ಕಾಡಿನಲ್ಲಿ, ತೋಟದ ಮನೆಯಲ್ಲಿ, ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಂತಿದ್ದರೆ ಆಪ್ ತೋರಿಸುವುದು ಹಳೇ ಅಂಕಿ. ಅಂಕಿಯ ಪಕ್ಕದಲ್ಲೋ ಕೆಳಗೋ ಅದು ಯಾವ ಹೊತ್ತಿನದು ಅಂತ ಸಣ್ಣಕ್ಷರದಲ್ಲಿ ಇರುತ್ತದೆ, ಮೊದಲು ಅದನ್ನು ಓದಿ. ಆಪ್ ಇದೆ ಅಂತ ಕೀ ಮನೆಯಲ್ಲೇ ಬಿಟ್ಟು ಹೊರಟರೆ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬೇಕಾದೀತು.

ಮೊದಲ ವಾರ ಗಂಟೆಗೆ ನಾಲ್ಕು ಸಲ ಆಪ್ ತೆರೆದು ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಹಾಗೆ ಪದೇಪದೇ ಎಬ್ಬಿಸಿದರೆ ಕಾರಿನ 12 ವೋಲ್ಟ್‌ನ ಸಣ್ಣ ಬ್ಯಾಟರಿ ಮೇಲೆ ಹೊರೆ. ಬಾಗಿಲು, ಸ್ಕ್ರೀನು, ಲಾಕ್ ಎಲ್ಲ ನಡೆಯುವುದು ಅದರಿಂದಲೇ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಕಾರು ಏಳಲ್ಲ.

ಹೊರಗಡೆ ಚಾರ್ಜ್ ಮಾಡುವುದಕ್ಕೆ ಈ ಆಪ್ ಸಾಲದು. ಒಂದೊಂದು ಚಾರ್ಜಿಂಗ್ ಕಂಪನಿಗೆ ಒಂದೊಂದು ಆಪ್, ಒಂದೊಂದು ವಾಲೆಟ್. ಬಂಕಿನಲ್ಲಿ ನಿಂತು ಡೌನ್‌ಲೋಡ್ ಮಾಡೋಕೆ ಹೋದರೆ ಅಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ನೀವು ಓಡಾಡುವ ದಾರಿಯ ಎರಡು ಮೂರು ಆಪ್ ಮನೆಯಲ್ಲೇ ಹಾಕಿಕೊಂಡು ಸಣ್ಣ ಮೊತ್ತ ಇಟ್ಟುಕೊಳ್ಳಿ. ಮ್ಯಾಪಿನಲ್ಲಿ ಕಾಣುವ ಎಲ್ಲ ಚಾರ್ಜರ್ ಕಾರಿನದ್ದಲ್ಲ, ಸ್ಕೂಟರ್ ಚಾರ್ಜರ್‌ಗಳೂ ಅದರಲ್ಲೇ ಸೇರಿರುತ್ತವೆ. ಕಾರಿಗೆ ಬೇಕಾದ ವೇಗದ ಚಾರ್ಜರ್ ‘ಸಿಸಿಎಸ್ 2’. ದರ ಮನೆಯದಕ್ಕಿಂತ ಮೂರು ಪಟ್ಟು ಅಥವಾ ಹೆಚ್ಚು, ಮೇಲೆ ಶೇ. 18 ಜಿಎಸ್‌ಟಿ. ಹೊರಡುವ ಮುಂಚೆ ಚಾರ್ಜರ್ ಇರುವ ಹೋಟೆಲಿಗೋ ಬಂಕಿಗೋ ಒಂದು ಫೋನ್ ಮಾಡಿ ‘ಓಡ್ತಾ ಇದೆಯಾ’ ಅಂತ ಕೇಳುವುದು ಯಾವ ಆಪ್‌ಗಿಂತಲೂ ನಂಬಿಕಸ್ಥ ದಾರಿ.

ಹೋಟೆಲ್, ಅಂಗಡಿ ಇಟ್ಟವರಿಗೂ ಇಲ್ಲಿ ಒಂದು ವಿಷಯವಿದೆ. ವಾಹನ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಲೈಸೆನ್ಸ್ ಬೇಕಿಲ್ಲ ಅಂತ ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಚಾರ್ಜಿಂಗ್‌ಗೆ ಪ್ರತ್ಯೇಕ ದರದ ಮೀಟರ್ ಕೂಡ ಸಿಗುತ್ತದೆ. ಊಟಕ್ಕೆ ನಿಂತ ಕಾರು ಒಂದು ಗಂಟೆ ನಿಂತರೆ ಗಿರಾಕಿಯೂ ಒಂದು ಗಂಟೆ ಕೂರುತ್ತಾನೆ.

ಆಗುಂಬೆ ಇಳಿದು ಹತ್ತುವಾಗ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರೋಕೆ 125 ಕಿ.ಮೀ. ಆಸುಪಾಸು. ಪೂರ್ತಿ ಚಾರ್ಜಿದ್ದರೆ ಚಿಂತೆಯಿಲ್ಲ. ಮಣಿಪಾಲದ ದಾರಿ ಬೇರೆ ಥರ. ಹೋಗುವುದಕ್ಕೇ 80 ಕಿ.ಮೀ. ಮೇಲಿದೆ, ನಡುವೆ ಆಗುಂಬೆಯ 14 ತಿರುವು. ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಡೈನಮೋ ಥರ ತಿರುಗಿ ಬ್ಯಾಟರಿಗೆ ಕರೆಂಟ್ ಕಳಿಸುತ್ತದೆ, ಬ್ರೇಕ್ ಬಿಸಿಯಾಗುವುದೂ ಕಡಿಮೆ. ಆದರೆ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಆ ಕರೆಂಟಿಗೆ ಜಾಗವಿಲ್ಲ, ಹಿಡಿತವೂ ಕಡಿಮೆಯಾಗುತ್ತದೆ. ಘಾಟಿಯ ಮೇಲೇ ಮನೆ ಇರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇಳಿದ ಮೇಲೆ ಹೆಬ್ರಿಯಲ್ಲಿ ಮೀಟರ್ ನೋಡಿದರೆ ರೇಂಜ್ ಜಾಸ್ತಿಯಾಗಿರುತ್ತದೆ! ಆ ಅಂಕಿ ಹಿಂದಿನ ಕೆಲವು ಕಿ.ಮೀ. ಹೇಗೆ ಓಡಿಸಿದಿರಿ ಅನ್ನುವುದರ ಮೇಲೆ ಕಾರು ಮಾಡಿದ ಅಂದಾಜು. ಮುಂದೆ ಏರು ಇದೆ ಅಂತ ಅದಕ್ಕೆ ಗೊತ್ತಿರಲ್ಲ. ವಾಪಸ್ ಸೋಮೇಶ್ವರದಿಂದ ಆಗುಂಬೆಗೆ 500 ಮೀಟರಿಗೂ ಹೆಚ್ಚು ಏರಬೇಕು. ನಾಲ್ಕು ಜನ ಕೂತ ಸಣ್ಣ ಕಾರನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ 2 ಯೂನಿಟ್ ಮೇಲೆ ಬೇಕು, ರಸ್ತೆಯ ಓಟದ ಖರ್ಚು ಬೇರೆ. 24 ಯೂನಿಟ್‌ನ ಬ್ಯಾಟರಿಯಲ್ಲಿ ಆ ಏರು ಒಂದೇ ಹೆಚ್ಚುಕಡಿಮೆ ಶೇ. 10 ತಿನ್ನುತ್ತದೆ. ಹಾಗಾಗಿ ಕಿ.ಮೀ. ಅಂಕಿಗಿಂತ ಶೇಕಡಾ ಅಂಕಿಯನ್ನೇ ನೋಡಿ, ಯೂನಿಟ್‌ಗೆ 8ರ ಲೆಕ್ಕ ಹಾಕಿಕೊಳ್ಳಿ.

ಈ ಭಾಗದ ಜನರಿಗೆ ಮಣಿಪಾಲ ಅಂದರೆ ಆಸ್ಪತ್ರೆ. ರಾತ್ರಿ ಎರಡು ಗಂಟೆಗೆ ಹೊರಡಬೇಕಾದೀತು. ಮನೆಯಲ್ಲಿ ವಯಸ್ಸಾದವರೋ ಗರ್ಭಿಣಿಯೋ ಇದ್ದರೆ ಬ್ಯಾಟರಿ 60ಕ್ಕಿಂತ ಕೆಳಗಿದ್ದಾಗ ರಾತ್ರಿ ಪ್ಲಗ್ ಹಾಕದೆ ಮಲಗಬಾರದು. 50ರಲ್ಲಿ 12 ಯೂನಿಟ್ ಇರುತ್ತದೆ, ಇಳಿಜಾರಿನ ದಾರಿಯಲ್ಲಿ ತಲುಪಿಸುತ್ತದೆ. ವಾಪಸ್ ಬರೋಕೆ ಅಲ್ಲಿ ಚಾರ್ಜ್ ಮಾಡಲೇಬೇಕು. ಟಿಯಾಗೊದಂಥ ಎಲ್‌ಎಫ್‌ಪಿ ಬ್ಯಾಟರಿಯ ಕಾರುಗಳಲ್ಲಿ ಶೇಕಡಾ ಅಂಕಿಯೇ ಬಹಳ ದಿನದ ಮೇಲೆ ತಪ್ಪು ತೋರಿಸತೊಡಗಬಹುದು, ಆಗಾಗ ಮನೆಯ ನಿಧಾನ ಚಾರ್ಜರ್‌ನಲ್ಲಿ 100 ಮುಟ್ಟಿಸಿದರೆ ಲೆಕ್ಕ ಸರಿಹೋಗುತ್ತದೆ. ಹಲವು ಇವಿಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಮಾತ್ರ ಇರುತ್ತದೆ, ಅದನ್ನು ಬಳಸುವುದು ಹೇಗೆಂದು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಓಟಿಪಿ ಕೇಳಿದರೆ

ಕಾರು ಬಂದ ಮೇಲೆ ‘ನಿಮ್ಮ ಆಪ್ ಆಕ್ಟಿವೇಟ್ ಮಾಡ್ತೀವಿ, ಓಟಿಪಿ ಹೇಳಿ’ ಅಂತ ಫೋನ್ ಬಂದರೆ ಹೇಳಬೇಡಿ. ಆ ಓಟಿಪಿ ಕಾರಿನ ಬಾಗಿಲಿನ ಕೀ ಇದ್ದ ಹಾಗೆ. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಸೆಕೆಂಡ್ ಹ್ಯಾಂಡ್ ಇವಿ ತಗೊಳ್ಳುವವರು ಆರ್‌ಸಿ ವರ್ಗಾವಣೆ ಜೊತೆಗೇ ಹಳೇ ಮಾಲೀಕರ ಆಪ್‌ನಿಂದ ಕಾರನ್ನು ತೆಗೆಸಬೇಕು. ಇಲ್ಲದಿದ್ದರೆ ನಿಮ್ಮ ಕಾರು ಎಲ್ಲೆಲ್ಲಿ ಹೋಗುತ್ತಿದೆ ಅನ್ನೋದು ಅವರ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ, ಬಾಗಿಲು ತೆಗೆಯುವ ಬಟನ್ ಕೂಡ. ಟಿಯಾಗೊ ಇವಿಯ ಬ್ಯಾಟರಿಗೆ ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಅದು ಎರಡನೇ ಮಾಲೀಕರಿಗೆ ಯಾವ ಷರತ್ತಿನ ಮೇಲೆ ಬರುತ್ತದೆ ಅನ್ನೋದನ್ನು ಮುಂಗಡ ಕೊಡುವ ಮುಂಚೆಯೇ ಸರ್ವಿಸ್ ಸೆಂಟರಿನಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.